ಕುಷ್ಠರೋಗಕ್ಕೆ ಮದ್ದು ಬಂತು, ಭಯ ಹೋಗಲಿಲ್ಲ

ಪ್ರತಿವರ್ಷ ಜನವರಿ ೩೦ರಂದು ಬೆಳಗಿನ ಹನ್ನೊಂದು ಗಂಟೆಗೆ ದೇಶವು ಎರಡು ನಿಮಿಷಗಳ ಕಾಲ ಮೌನವಾಗಿ ನಿಂತು ಮಹಾತ್ಮ ಗಾಂಧಿಯವರನ್ನು ಸ್ಮರಿಸುತ್ತದೆ. ಅದೇ ದಿನವನ್ನು ಕುಷ್ಠರೋಗ ನಿವಾರಣಾ ದಿನವೆಂದೂ ಆಚರಿಸಲಾಗುತ್ತಿದೆಯೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ೨೦೧೭ರಿಂದೀಚೆಗೆ ‘ಸ್ಪರ್ಶ’ವೆಂಬ ಹೆಸರಿನಲ್ಲಿ ಆ ದಿನ ಗ್ರಾಮಸಭೆಗಳನ್ನು ಕೂಡಿಸಿ, ಈ ರೋಗದ ವಿಷಯದಲ್ಲಿ ತಿಳಿವಳಿಕೆ ಹೇಳಿ, ಪ್ರತಿಜ್ಞೆಯನ್ನು ಓದಿಸುವ ಪದ್ಧತಿಯೂ ಬಂದಿದೆ. ಒಳ್ಳೆಯ ಕೆಲಸವೇ ಸರಿ. ಆದರೆ ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಪ್ರತಿಜ್ಞೆ ನಡೆಯುವ ಹೊತ್ತಿಗೆ ಆ ಹಳ್ಳಿಯ ತರುಣರು ಎಲ್ಲಿರುತ್ತಾರೆ? ಒಬ್ಬನು ದಾದರಿನ ಹೋಟೆಲೊಂದರಲ್ಲಿ ಕಾವಲಿಯ ಮುಂದೆ ನಿಂತಿರುತ್ತಾನೆ. ಇನ್ನೊಬ್ಬನು ಪುಣೆಯಲ್ಲಿ ಲೋಟ ತೊಳೆಯುತ್ತಿರುತ್ತಾನೆ. ಮತ್ತೊಬ್ಬನು ಫೋರ್ಟಿನ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿರುತ್ತಾನೆ. ಊರಿನಲ್ಲಿ ಆಡಿದ ಮಾತು ಅವರ ಕಿವಿಗೆ ಬೀಳುವುದಿಲ್ಲ. ಇಲ್ಲಿ ಅವರನ್ನು ಹುಡುಕಿಕೊಂಡು ಹೋಗಿ ಹೇಳುವವರು ವಿರಳ. ಆದಕಾರಣ ಈ ವಿಷಯವನ್ನು ವಾಚಕರ ಮುಂದೆ ಸ್ವಲ್ಪ ವಿವರವಾಗಿಯೇ ಇಡುವುದು ಉಚಿತವೆಂದು ತೋರುತ್ತದೆ.

ಅಂಕೆಗಳು ಹೇಳುವುದೇನು?

ಕುಷ್ಠರೋಗವು ಹಿಂದಿನ ಕಾಲದ್ದು, ಈಗ ಅದು ಎಲ್ಲಿದೆ ಎಂದು ಕೇಳುವವರುಂಟು. ಹಾಗೆ ಕೇಳುವುದಕ್ಕೆ ಕಾರಣವೂ ಉಂಟು. ೨೦೦೫ರ ಕೊನೆಗೆ ನಮ್ಮ ದೇಶವು ಈ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂಬ ಮಟ್ಟದಿಂದ ಕೆಳಗಿಳಿಸಿತೆಂದು ಸಾರಲಾಯಿತು. ೧೯೮೦ರ ದಶಕದ ಆರಂಭದಲ್ಲಿ ಹತ್ತು ಸಾವಿರ ಜನರಿಗೆ ಐವತ್ತಕ್ಕೂ ಮಿಕ್ಕಿ ರೋಗಿಗಳಿದ್ದ ದೇಶದಲ್ಲಿ ಆ ಸಂಖ್ಯೆ ಒಂದಕ್ಕಿಂತಲೂ ಕೆಳಗಿಳಿದುದು ಸಾಮಾನ್ಯ ಸಾಧನೆಯಲ್ಲ. ಆದರೆ ೨೦೨೩ರಲ್ಲಿ ಜಗತ್ತಿನಲ್ಲೆಲ್ಲ ಹೊಸದಾಗಿ ಕಂಡುಬಂದ ೧,೮೨,೮೧೫ ಕುಷ್ಠರೋಗಿಗಳಲ್ಲಿ ೧,೦೭,೮೫೧ ಮಂದಿ ಭಾರತದವರೇ ಆಗಿದ್ದರು. ಎಂದರೆ ನೂರರಲ್ಲಿ ಸುಮಾರು ೫೯ ಮಂದಿ. ರೋಗವು ತೊಲಗಿತೆಂದು ಹೇಳಿದ ಹದಿನೆಂಟು ವರ್ಷಗಳ ತರುವಾಯದ ಲೆಕ್ಕವಿದು. ಈ ಎರಡು ಸಂಗತಿಗಳು ಒಂದಕ್ಕೊಂದು ಹೊಂದುವುದು ಹೇಗೆ?

ಉತ್ತರವು ಅಳತೆಗೋಲಿನಲ್ಲಿಯೇ ಇದೆ. ಹತ್ತು ಸಾವಿರ ಜನರಲ್ಲಿ ಚಿಕಿತ್ಸೆಯ ಪಟ್ಟಿಯಲ್ಲಿರುವವರು ಒಬ್ಬರಿಗಿಂತ ಕಡಿಮೆಯಾದರೆ ಸಮಸ್ಯೆ ನೀಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಗೊತ್ತುಮಾಡಿದ್ದರು. ನಮ್ಮ ಜನಸಂಖ್ಯೆಯನ್ನು ೧೪೦ ಕೋಟಿಯೆಂದು ಹಿಡಿದರೆ, ಏಕಕಾಲಕ್ಕೆ ೧,೪೦,೦೦೦ಕ್ಕಿಂತ ತುಸು ಕಡಿಮೆ ರೋಗಿಗಳು ಪಟ್ಟಿಯಲ್ಲಿದ್ದರೂ ಸಮಸ್ಯೆಯಿಲ್ಲವೆಂದೇ ಆಯಿತು! ಇನ್ನೊಂದು ಮಾತೂ ಉಂಟು. ಹಿಂದೆ ರೋಗಿಯು ವರ್ಷಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ ಮಾತ್ರೆ ನುಂಗಬೇಕಿತ್ತು. ಅಷ್ಟು ಕಾಲವೂ ಅವನ ಹೆಸರು ಪಟ್ಟಿಯಲ್ಲಿರುತ್ತಿತ್ತು. ಈಗ ಆರು ಅಥವಾ ಹನ್ನೆರಡು ತಿಂಗಳುಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ, ಮುಗಿದೊಡನೆ ಹೆಸರು ಹೋಗುತ್ತದೆ. ಗುಣವಾದವನ ಹೆಸರನ್ನು ತೆಗೆಯುವುದು ನ್ಯಾಯವೇ. ಆದರೆ ಪಟ್ಟಿ ಚಿಕ್ಕದಾದುದನ್ನು ರೋಗದ ಹರಡುವಿಕೆ ನಿಂತಿತೆಂದು ಓದುವುದು ತಪ್ಪು. ಹರಡುವಿಕೆಯನ್ನು ತೋರುವುದು ವರ್ಷವರ್ಷವೂ ಹೊಸದಾಗಿ ಕಾಣುವವರ ಸಂಖ್ಯೆ. ಅವರಲ್ಲಿ ಚಿಕ್ಕ ಮಕ್ಕಳೂ ಇದ್ದಾರೆಂದ ಮೇಲೆ, ಆ ಮಕ್ಕಳ ಸಮೀಪದಲ್ಲಿ ಮದ್ದು ಕಾಣದ ರೋಗಿಯೊಬ್ಬನು ಇದ್ದಾನೆಂದೇ ಅರ್ಥ.

೨೦೦೫ರ ಘೋಷಣೆಯಿಂದ ಒಂದು ಹಾನಿಯೂ ಆಯಿತು. ಕಾರ್ಯ ಮುಗಿಯಿತೆಂಬ ಭಾವನೆಯಿಂದ ಹುಡುಕುವ ಕೆಲಸ ಸಡಿಲವಾಯಿತು. ಈ ರೋಗಕ್ಕೆಂದೇ ಇದ್ದ ನುರಿತ ಸಿಬ್ಬಂದಿಯು ಇತರ ಆರೋಗ್ಯ ಸೇವೆಗಳಲ್ಲಿ ಕರಗಿಹೋಯಿತು. ೨೦೧೬ರಲ್ಲಿ ಮನೆಮನೆಗೆ ಹೋಗಿ ಹುಡುಕುವ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ಕೈಗೊಂಡಾಗ, ಅಡಗಿದ್ದ ಸಾವಿರಾರು ರೋಗಿಗಳು ಬೆಳಕಿಗೆ ಬಂದರು. ೨೦೨೩ರ ಜನವರಿ ೩೦ರಂದು ಕೇಂದ್ರ ಸರ್ಕಾರವು ೨೦೨೭ರೊಳಗೆ ರೋಗದ ಹರಡುವಿಕೆಯನ್ನೇ ತಡೆಯುವ ಗುರಿಯನ್ನು ಸಾರಿತು. ಗುರಿಯೇನೋ ಶ್ಲಾಘ್ಯ. ಆದರೆ ಮನೆಮನೆಗೆ ಹೋಗುವವನು, ಮನೆಯೇ ಇಲ್ಲದೆ ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗನನ್ನು ಎಲ್ಲಿ ಹುಡುಕಬೇಕು? ಹುಡುಕಿದರೂ ಆ ಹುಡುಗನು ಅಂಗಿ ಸರಿಸಿ ತನ್ನ ಮಚ್ಚೆಯನ್ನು ತೋರಿಸುವನೇ? ನಮ್ಮ ಸಮಾಜದ ಮಟ್ಟಿಗೆ ಇಡೀ ಪ್ರಶ್ನೆಯು ಇಲ್ಲಿಗೆ ಬಂದು ನಿಲ್ಲುತ್ತದೆ.

ರೋಗದ ಸ್ವರೂಪ

ಈ ರೋಗದ ಕಾರಣವು ಪಾಪವೂ ಅಲ್ಲ, ಶಾಪವೂ ಅಲ್ಲ, ವಂಶಪಾರಂಪರ್ಯವೂ ಅಲ್ಲ, ಒಂದು ಜೀವಾಣು. ನಾರ್ವೆ ದೇಶದ ಬರ್ಗೆನ್ ನಗರದ ವೈದ್ಯ ಹಾನ್ಸೆನ್ ಎಂಬವರು ೧೮೭೩ರಲ್ಲಿಯೇ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಜೀವಾಣುಗಳಲ್ಲಿ ಇಷ್ಟು ನಿಧಾನಿಯು ಬೇರೊಂದು ಇರಲಾರದು. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿಯಾಗಿ ಉಬ್ಬುವುದನ್ನು ನಮ್ಮ ಹೋಟೆಲು ಬಂಧುಗಳು ದಿನವೂ ಕಾಣುತ್ತಾರೆ; ಅದು ಜೀವಾಣುಗಳ ವೇಗದ ವೃದ್ಧಿಯ ಫಲ. ಕುಷ್ಠದ ಜೀವಾಣುವು ಒಂದು ಎರಡಾಗುವುದಕ್ಕೆ ಸುಮಾರು ಎರಡು ವಾರಗಳು ಬೇಕು. ಆದುದರಿಂದಲೇ ಅದು ದೇಹವನ್ನು ಹೊಕ್ಕ ಮೇಲೆ ಹೊರಗೆ ಕಾಣಿಸಿಕೊಳ್ಳುವುದಕ್ಕೆ ಸರಾಸರಿ ಐದು ವರ್ಷಗಳು ಹಿಡಿಯುತ್ತವೆ. ಇಪ್ಪತ್ತು ವರ್ಷಗಳು ಹಿಡಿದುದೂ ಉಂಟು. ಇಂದು ಕಂಡ ಮಚ್ಚೆಯ ಮೂಲವು ಊರಿನದೋ, ಹಿಂದೆ ದುಡಿದ ಪಟ್ಟಣದ್ದೋ ಹೇಳುವುದು ಸಾಧ್ಯವಿಲ್ಲ. ಹೀಗಿರುವಾಗ ಪಕ್ಕದಲ್ಲಿ ಮಲಗಿದವನನ್ನು ದೂರುವುದರಲ್ಲಿ ಅರ್ಥವಿಲ್ಲ.

ಇದು ಹರಡುವುದು ಮದ್ದು ಪಡೆಯದ ರೋಗಿಯ ಮೂಗು ಬಾಯಿಗಳಿಂದ ಹೊರಬೀಳುವ ಹನಿಗಳ ಮೂಲಕ. ಅದೂ ಬಹುಕಾಲದ ನಿಕಟ ವಾಸದಿಂದ. ಕೈಕುಲುಕಿದರೆ, ಪಕ್ಕದಲ್ಲಿ ಕುಳಿತರೆ, ಒಂದೇ ಪಂಕ್ತಿಯಲ್ಲಿ ಉಂಡರೆ, ಅವನು ತಂದಿಟ್ಟ ಕಾಫಿ ಕುಡಿದರೆ ಬರುವ ರೋಗವಲ್ಲ. ಮೇಲಾಗಿ, ನೂರರಲ್ಲಿ ತೊಂಬತ್ತೈದು ಮಂದಿಗೆ ಈ ಜೀವಾಣುವನ್ನು ಎದುರಿಸುವ ಶಕ್ತಿ ಸಹಜವಾಗಿಯೇ ಇದೆ. ಮದ್ದು ಆರಂಭವಾಯಿತೆಂದರೆ ಕೆಲವೇ ದಿನಗಳಲ್ಲಿ ಆ ರೋಗಿಯಿಂದ ಹರಡುವ ಭಯವು ಬಹುಮಟ್ಟಿಗೆ ಮುಗಿಯುತ್ತದೆ. ಆದುದರಿಂದ ಮಾತ್ರೆ ನುಂಗುತ್ತಿರುವ ಮಾಣಿಯಿಂದ ಯಾರಿಗೂ ಅಪಾಯವಿಲ್ಲ. ಮಚ್ಚೆಯನ್ನು ಮುಚ್ಚಿಕೊಂಡು ಹತ್ತು ಮಂದಿಯೊಡನೆ ವರ್ಷಗಟ್ಟಲೆ ಒಂದೇ ಅಟ್ಟದಲ್ಲಿ ಮಲಗುವವನಿಂದ ಅಪಾಯವಾಗುವ ಸಂಭವವುಂಟು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

ಕೈಗೆ ಬಿಸಿ ತಾಗದಿದ್ದರೆ

ರೋಗದ ಮೊದಲ ಗುರುತು ಸಾಮಾನ್ಯವಾಗಿ ಒಂದು ಮಚ್ಚೆ. ಸುತ್ತಲಿನ ಚರ್ಮಕ್ಕಿಂತ ಬಣ್ಣ ತಿಳಿಯಾಗಿರುತ್ತದೆ ಇಲ್ಲವೆ ಕೆಂಪಾಗಿ ತಾಮ್ರದಂತಿರುತ್ತದೆ. ತುರಿಸುವುದಿಲ್ಲ, ನೋಯುವುದಿಲ್ಲ. ಅಲ್ಲಿ ಬೆವರು ಬರುವುದಿಲ್ಲ, ಕೂದಲು ಉದುರುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಕೆಲವರಿಗೆ ಮಚ್ಚೆಯೇ ಇಲ್ಲದೆ ಮುಖವೂ ಕಿವಿಯ ಹಾಲೆಯೂ ದಪ್ಪವಾಗಿ ಎಣ್ಣೆ ಸವರಿದಂತೆ ಮಿನುಗುವುದುಂಟು. ಹುಬ್ಬಿನ ಕೂದಲು ಉದುರುವುದುಂಟು. ನಮ್ಮಲ್ಲಿ ಅನೇಕರು ತೊನ್ನನ್ನೂ ಕುಷ್ಠವೆಂದು ಬಗೆದು ಆ ಜನರನ್ನು ದೂರವಿಡುತ್ತಾರೆ. ಇದು ದೊಡ್ಡ ತಪ್ಪು. ತೊನ್ನು ಹಾಲಿನಂತೆ ಬೆಳ್ಳಗಿರುತ್ತದೆ, ಅದರಲ್ಲಿ ಸ್ಪರ್ಶಜ್ಞಾನ ಪೂರ್ಣವಾಗಿರುತ್ತದೆ. ಅದು ಅಂಟುವ ರೋಗವೇ ಅಲ್ಲ.

ಕುಷ್ಠದ ನಿಜವಾದ ಹಾವಳಿಯು ಚರ್ಮದಲ್ಲಿಲ್ಲ, ನರಗಳಲ್ಲಿದೆ. ಮೊಣಕೈಯ ಹತ್ತಿರದ ನರ ಕೆಟ್ಟರೆ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿದು, ಕ್ರಮೇಣ ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಮೊಣಕಾಲಿನ ಪಕ್ಕದ ನರ ಕೆಟ್ಟರೆ ಪಾದವು ಜೋತುಬೀಳುತ್ತದೆ. ಮುಖದ ನರ ಕೆಟ್ಟರೆ ಕಣ್ಣಿನ ರೆಪ್ಪೆ ಮುಚ್ಚದೆ ದೃಷ್ಟಿಗೇ ಅಪಾಯವಾಗುತ್ತದೆ.

ಹೋಟೆಲು ಕೆಲಸಗಾರರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಅಡಿಗೆಮನೆಯಲ್ಲಿ ಕೈ ಸುಡುವುದು ದಿನನಿತ್ಯದ ಸಂಗತಿ. ಅದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುವವನನ್ನು “ಇವನ ಕೈ ಪಳಗಿದೆ” ಎಂದು ಒಡನಾಡಿಗಳು ಹೊಗಳುವುದೂ ಉಂಟು. ಪಳಗಿದ ಕೈಗೆ ಬಿಸಿ ತಾಗುತ್ತದೆ, ಅದು ತಾಳಿಕೊಳ್ಳುತ್ತದೆ, ಅಷ್ಟೆ. ಸುಟ್ಟ ಗುಳ್ಳೆ ಎದ್ದು, ಅದು ಯಾವಾಗ ಸುಟ್ಟಿತೆಂಬುದೇ ತಿಳಿಯದಿದ್ದರೆ ಅದು ಪಳಗಿದ ಕೈಯಲ್ಲ, ನರ ಸತ್ತ ಕೈ. ಲೋಟಗಳು ಬೆರಳಿನಿಂದ ಜಾರುವುದು, ಅಂಗಿಯ ಗುಂಡಿ ಹಾಕಲು ತೊಡಕಾಗುವುದು, ಕಾಲಿನಿಂದ ಚಪ್ಪಲಿ ಜಾರಿದುದೇ ಗೊತ್ತಾಗದಿರುವುದು, ಗುಮಾಸ್ತನಾದವನಿಗೆ ಲೇಖನಿ ಹಿಡಿಯುವಾಗ ಕಿರುಬೆರಳ ಕಡೆ ಮರಗಟ್ಟಿದಂತಾಗುವುದು ಇವೆಲ್ಲವೂ ವೈದ್ಯರ ಬಳಿಗೆ ಹೋಗಬೇಕೆಂಬುದಕ್ಕೆ ಸೂಚನೆಗಳು.

ಕುಷ್ಠದಿಂದ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂಬ ನಂಬಿಕೆಯೂ ಸುಳ್ಳು. ವೆಲ್ಲೂರಿನ ಆಸ್ಪತ್ರೆಯಲ್ಲಿ ೧೯೪೦ರ ದಶಕದ ಕೊನೆಯಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ಇದನ್ನು ತಾಳ್ಮೆಯಿಂದ ಪರೀಕ್ಷಿಸಿ ತೋರಿಸಿದರು. ನೋವೆಂಬುದು ದೇಹದ ಕಾವಲುಗಾರ. ಕಾವಲುಗಾರನು ಹೋದ ಮೇಲೆ ಕೈಯು ಸುಡುತ್ತದೆ, ಕಾಲಿಗೆ ಗಾಜು ಚುಚ್ಚುತ್ತದೆ, ಮನುಷ್ಯನಿಗೆ ಅರಿವಾಗುವುದಿಲ್ಲ. ಗಾಯದ ಮೇಲೆ ಗಾಯವಾಗಿ, ಕೀವು ತುಂಬಿ, ಬೆರಳು ಸವೆದುಹೋಗುತ್ತದೆ. ಮಡಚಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ನೆಟ್ಟಗೆ ಮಾಡುವ ವಿಧಾನವನ್ನೂ ಅವರು ರೂಢಿಗೆ ತಂದರು. ಆದರೆ ಶಸ್ತ್ರಚಿಕಿತ್ಸೆಯಿಂದ ಬೆರಳಿಗೆ ಚಲನೆ ಬರಬಹುದಲ್ಲದೆ ಸತ್ತ ನರಕ್ಕೆ ಸ್ಪರ್ಶಜ್ಞಾನ ಮರಳದು. ಕೈಯಿಂದ ದುಡಿದು ಬದುಕುವ ನಮ್ಮವರಿಗೆ ಕೈಗಿಂತ ಮಿಗಿಲಾದ ಬಂಡವಾಳ ಯಾವುದಿದೆ? ಬೇಗ ತೋರಿಸಿಕೊಂಡರೆ ಆ ಬಂಡವಾಳ ಉಳಿಯುತ್ತದೆ.

ಮದ್ದಿನ ಮಾತು

ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಬೆಳೆಯುವ ಗರುಡಫಲದ ಎಣ್ಣೆಯೂ, ಅದೇ ಜಾತಿಯ ಇತರ ಮರಗಳ ಎಣ್ಣೆಯೂ ಶತಮಾನಗಳ ಕಾಲ ಈ ರೋಗಕ್ಕೆ ಇದ್ದ ಮದ್ದುಗಳು. ಗುಣ ಅಲ್ಪ, ಯಾತನೆ ಬಹಳ. ೧೯೪೦ರ ದಶಕದಲ್ಲಿ ಡ್ಯಾಪ್ಸೋನಿನ ವರ್ಗದ ಮದ್ದುಗಳು ಬಂದ ಮೇಲೆ ಮೊದಲ ಬಾರಿಗೆ ನಿಜವಾದ ಆಸೆ ಚಿಗುರಿತು. ಆ ಒಂದೇ ಮದ್ದಿಗೆ ಜೀವಾಣುಗಳು ಬಗ್ಗದಾದಾಗ, ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್ ಎಂಬ ಮದ್ದುಗಳನ್ನು ಕೂಡಿಸಿ ಕೊಡುವ ಬಹುವಿಧ ಔಷಧ ಚಿಕಿತ್ಸೆಯನ್ನು ಗೊತ್ತುಮಾಡಿದರು. ಮಚ್ಚೆಗಳು ಐದಕ್ಕೆ ಮೀರದಿದ್ದರೆ ಸಾಮಾನ್ಯವಾಗಿ ಆರು ತಿಂಗಳು, ಮೀರಿದರೆ ಹನ್ನೆರಡು ತಿಂಗಳು. ಇಷ್ಟರಿಂದ ರೋಗವು ಪೂರ್ಣವಾಗಿ ಗುಣವಾಗುತ್ತದೆ. ದೇಶದ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಈ ಮದ್ದಿಗೆ ಕಾಸು ಕೊಡಬೇಕಾಗಿಲ್ಲ.

ಮದ್ದಿನ ಕ್ರಮವೂ ಸರಳ. ಇಪ್ಪತ್ತೆಂಟು ದಿನಗಳ ಮಾತ್ರೆಗಳನ್ನು ಒಂದು ಹಾಳೆಯಲ್ಲಿ ದಿನಕ್ರಮವಾಗಿ ಅಂಟಿಸಿ ಕೊಡುತ್ತಾರೆ. ಮೊದಲ ದಿನದ್ದನ್ನು ಚಿಕಿತ್ಸಾಲಯದಲ್ಲಿಯೇ ನುಂಗಿ, ಉಳಿದುದನ್ನು ತಾನಿರುವಲ್ಲಿ ದಿನವೂ ನುಂಗಬೇಕು. ಆಸ್ಪತ್ರೆ ಸೇರಬೇಕಾಗಿಲ್ಲ, ಕೆಲಸ ಬಿಡಬೇಕಾಗಿಲ್ಲ. ಇಪ್ಪತ್ತೆಂಟು ದಿನಗಳಿಗೊಮ್ಮೆ ಅರ್ಧ ದಿನದ ಬಿಡುವು ಸಿಕ್ಕಿದರೆ ಸಾಕು. ಒಟ್ಟು ಲೆಕ್ಕ ಹಾಕಿದರೆ, ಆರು ಇಲ್ಲವೆ ಹನ್ನೆರಡು ಅರ್ಧ ದಿನಗಳು. ಒಬ್ಬ ದುಡಿಯುವವನ ಎರಡು ಕೈಗಳ ಬೆಲೆ ಇಷ್ಟೇ!

ಹೀಗಿದ್ದರೂ ಕೆಲವರು ನಡುವೆಯೇ ಮದ್ದು ಬಿಡುವುದೇಕೆ? ಮುಖ್ಯ ಕಾರಣವೊಂದನ್ನು ಮೊದಲೇ ತಿಳಿದಿರುವುದು ಮೇಲು. ಕ್ಲೋಫಾಜಿಮಿನಿನಿಂದ ಚರ್ಮದ ಬಣ್ಣವು ಕಪ್ಪಡರುತ್ತದೆ. “ಏನಯ್ಯಾ, ಮುಖ ಹೀಗಾಯಿತು?” ಎಂದು ಜೊತೆಗಾರರು ಕೇಳತೊಡಗುತ್ತಾರೆ, ಗುಟ್ಟು ಬಯಲಾಗುವ ಹೆದರಿಕೆಯಿಂದ ರೋಗಿಯು ಮಾತ್ರೆಯನ್ನೇ ಬಿಡುತ್ತಾನೆ. ಮದ್ದು ಮುಗಿದ ಕೆಲವು ತಿಂಗಳುಗಳಲ್ಲಿ ಆ ಬಣ್ಣ ತಾನಾಗಿ ತಿಳಿಯಾಗುತ್ತದೆ. ರಿಫಾಂಪಿಸಿನ್ ನುಂಗಿದ ದಿನ ಮೂತ್ರವು ಕೆಂಪಾಗುವುದು. ಅದು ರಕ್ತವಲ್ಲ, ಭಯಪಡಬೇಕಾಗಿಲ್ಲ. ಆದರೆ ಮೈಯೆಲ್ಲ ಗಂಧೆಯೆದ್ದರೆ ಅಥವಾ ಕಣ್ಣು ಹಳದಿಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಚಿಕಿತ್ಸೆಯ ನಡುವೆ, ಕೆಲವರಿಗೆ ಚಿಕಿತ್ಸೆ ಮುಗಿದ ಮೇಲೂ, ಮಚ್ಚೆಗಳು ಫಕ್ಕನೆ ಕೆಂಪಗೆ ಊದಿ, ನರಗಳು ನೋಯುವುದುಂಟು. ಮದ್ದು ತಾಗಲಿಲ್ಲವೆಂದು ಆಗ ಬಿಟ್ಟುಬಿಡಬಾರದು. ನರಗಳು ಕೆಡುವುದು ಬಹುಪಾಲು ಆ ಸಮಯದಲ್ಲಿಯೇ. ಕೂಡಲೇ ವೈದ್ಯರ ಬಳಿ ಹೋದರೆ ಅದಕ್ಕೆ ಬೇರೆ ಮದ್ದುಂಟು.

ಜೊತೆಯಲ್ಲಿ ವಾಸಿಸುವವರಿಗೂ ರಕ್ಷಣೆಯಿದೆ. ರಿಫಾಂಪಿಸಿನ್ ಮದ್ದನ್ನು ಒಂದೇ ಒಂದು ಸಲ ಕೊಟ್ಟರೆ, ಮೊದಲ ಎರಡು ವರ್ಷಗಳಲ್ಲಿ ರೋಗ ಬರುವ ಸಂಭವವು ಅರ್ಧಕ್ಕೂ ಹೆಚ್ಚು ತಗ್ಗುವುದೆಂದು ಬಾಂಗ್ಲಾದೇಶದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದು ತೋರಿಸಿದೆ. ನಮ್ಮ ದೇಶದಲ್ಲಿಯೂ ರೋಗಿಯ ಸಮೀಪವರ್ತಿಗಳಿಗೆ ವೈದ್ಯರು ಪರೀಕ್ಷಿಸಿ ಇದನ್ನು ಕೊಡುತ್ತಾರೆ. ಅಟ್ಟದ ಒಡನಾಡಿಯು ತನ್ನ ರೋಗವನ್ನು ಹೇಳಿಕೊಂಡರೆ ಲಾಭವಾಗುವುದು ಅವನೊಬ್ಬನಿಗೇ ಅಲ್ಲ.

ಇನ್ನು ನಮ್ಮ ಕರಾವಳಿಯ ಕಡೆಯವರಿಗೆ ಒಂದು ಮಾತು. ಚರ್ಮದ ರೋಗವೆಂದೊಡನೆ ಸರ್ಪಶಾಪವೆಂದು ಬಗೆದು ಕುಕ್ಕೆಗೆ ಹರಕೆ ಹೊರುವ ವಾಡಿಕೆ ನಮ್ಮಲ್ಲಿದೆ. ಹರಕೆಯು ಅವರವರ ಶ್ರದ್ಧೆಗೆ ಬಿಟ್ಟದ್ದು. ಆದರೆ ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಸೇವೆ ಸಲ್ಲಿಸಿ ಬಂದ ಮೇಲೆ ನೋಡೋಣವೆಂದು ಮದ್ದನ್ನು ಮುಂದಕ್ಕೆ ಹಾಕಿದರೆ, ನರಗಳು ಅಷ್ಟು ದಿನ ಕಾಯುವುದಿಲ್ಲ.

ಕಾನೂನು ನಡೆದುಬಂದ ದಾರಿ

ಜನರ ಈ ಭಯವು ಎಲ್ಲಿಂದ ಬಂತೆಂದು ವಿಚಾರಿಸಿದರೆ, ಅದರಲ್ಲಿ ಅರ್ಧವನ್ನು ಕಾನೂನೇ ಕಲಿಸಿತೆಂದು ಹೇಳಬೇಕಾಗುತ್ತದೆ. ೧೮೯೦ರಲ್ಲಿ ಮುಂಬಯಿಯ ಪೌರಾಡಳಿತದ ಆಯುಕ್ತರಾಗಿದ್ದ ಆಕ್‌ವರ್ತರು ಬೀದಿಯ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವೊಂದನ್ನು ಸ್ಥಾಪಿಸಿದರು. ವಡಾಲಾದಲ್ಲಿ ಅವರ ಹೆಸರಿನ ಆಸ್ಪತ್ರೆಯು ಇಂದಿಗೂ ಇದೆ. ಅದೇ ವರ್ಷ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು ಇಂಥದೇ ಧಾಮವನ್ನು ತೆರೆದರು. ಬೇರೆ ಮದ್ದಿಲ್ಲದ ಆ ಕಾಲಕ್ಕೆ ಇವು ದಯೆಯ ಕಾರ್ಯಗಳು. ಆದರೆ ೧೮೯೮ರಲ್ಲಿ ಬಂದ ಕುಷ್ಠರೋಗಿಗಳ ಕಾಯಿದೆಯಲ್ಲಿ ದಯೆಗಿಂತ ದಂಡನೆಯೇ ಹೆಚ್ಚು. ನಿರ್ಗತಿಕ ರೋಗಿಯನ್ನು ಪೊಲೀಸರು ಹಿಡಿದು ಧಾಮದಲ್ಲಿ ಕೂಡಿಹಾಕಬಹುದಾಗಿತ್ತು. ರೋಗಿಯು ತಿಂಡಿತೀರ್ಥಗಳನ್ನು ತಯಾರಿಸಿ ಮಾರಬಾರದು, ಸಾರ್ವಜನಿಕ ಬಾವಿಯಿಂದ ನೀರು ಸೇದಬಾರದು, ಬಾಡಿಗೆಯ ಗಾಡಿಯಲ್ಲಿ ಕೂರಬಾರದೆಂದು ನಿಷೇಧ ಹಾಕಲು ಅದರಲ್ಲಿ ಅವಕಾಶವಿತ್ತು.

ಆ ಕಾಯಿದೆಯನ್ನು ಕೇಂದ್ರವು ರದ್ದುಮಾಡಿದುದು ೨೦೧೬ರಲ್ಲಿ. ಬಹುವಿಧ ಔಷಧ ಬಂದು ಮೂವತ್ತೈದು ವರ್ಷಗಳು ಕಳೆದಿದ್ದುವು! ೨೦೦೮ರಲ್ಲಿ ಕೂಡ, ಕುಷ್ಠರೋಗಿಯು ಪುರಸಭೆಯ ಸದಸ್ಯನಾಗಬಾರದೆಂಬ ಒಡಿಶಾದ ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದಿತ್ತು. ೨೦೧೫ರಲ್ಲಿ ಕಾನೂನು ಆಯೋಗವು ಇಂಥ ತಾರತಮ್ಯವನ್ನೆಲ್ಲ ತೊಡೆದುಹಾಕಬೇಕೆಂದು ವರದಿ ಕೊಟ್ಟಿತು. ೧೯೫೫ರ ಹಿಂದೂ ವಿವಾಹ ಕಾಯಿದೆಯೂ ಸೇರಿದಂತೆ ಐದು ಕಾಯಿದೆಗಳಲ್ಲಿ ಕುಷ್ಠವು ವಿವಾಹವಿಚ್ಛೇದನಕ್ಕೋ ಜೀವನಾಂಶದ ನಿರಾಕರಣೆಗೋ ಕಾರಣವಾಗಿದ್ದುದನ್ನು ೨೦೧೯ರಲ್ಲಿ ತೆಗೆದುಹಾಕಲಾಯಿತು.

ನಮ್ಮ ವಾಚಕರಿಗೆ ನೇರವಾಗಿ ಉಪಯೋಗಕ್ಕೆ ಬರುವ ಎರಡು ವಿಷಯಗಳುಂಟು. ಮೊದಲನೆಯದು, ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ. ಕುಷ್ಠದಿಂದ ಗುಣಹೊಂದಿಯೂ ಅಂಗದ ಊನವುಳಿದವರನ್ನು ಅದು ತನ್ನ ರಕ್ಷಣೆಗೆ ಒಳಪಡಿಸಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾಯಿತೆಂದು ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಎರಡನೆಯದು, ಇ.ಎಸ್.ಐ. ಅದರ ವಂತಿಗೆ ಸಲ್ಲುತ್ತಿರುವ ಕೆಲಸಗಾರನಿಗೆ, ನಿಯಮದಂತೆ ಎರಡು ವರ್ಷಗಳ ಸೇವೆಯೂ ಬೇಕಾದಷ್ಟು ದಿನಗಳ ವಂತಿಗೆಯೂ ಇದ್ದರೆ, ದೀರ್ಘರೋಗಗಳ ಪಟ್ಟಿಯಲ್ಲಿ ಕುಷ್ಠವೂ ಸೇರಿರುವುದರಿಂದ, ದುಡಿಯಲಾಗದ ದಿನಗಳಿಗೆ ಕೂಲಿಯ ನೂರಕ್ಕೆ ೮೦ರಂತೆ ನೆರವು ದೊರೆಯುತ್ತದೆ. ತಮ್ಮ ಹೆಸರಿಗೆ ವಂತಿಗೆ ಸಲ್ಲುತ್ತಿದೆಯೇ ಎಂದು ಪ್ರತಿಯೊಬ್ಬ ಕೆಲಸಗಾರನೂ ಇಂದೇ ವಿಚಾರಿಸಿಕೊಳ್ಳತಕ್ಕದ್ದು.

ಧಣಿಗಳೂ ಒಡನಾಡಿಗಳೂ

ಮದ್ದು ಬಂದಿದೆ, ಕಾನೂನೂ ತಡವಾಗಿಯಾದರೂ ತಿದ್ದಿಕೊಳ್ಳುತ್ತಿದೆ. ಹಾಗಾದರೆ ತಡೆಯಾಗಿರುವುದು ಯಾವುದು? ಊರು ಬಿಟ್ಟು ಬಂದ ಕೆಲಸಗಾರನಿಗ ಕೆಲಸವೂ, ಊಟವೂ, ಮಲಗುವ ಜಾಗವೂ ಒಂದೇ ಬಾಗಿಲಿನೊಳಗಿವೆ. ಕಾರಖಾನೆಯವನು ಕೆಲಸ ಕಳೆದುಕೊಂಡರೆ ಖೋಲಿಯಾದರೂ ಇರುತ್ತದೆ. ಹೋಟೆಲಿನವನು ಕೆಲಸ ಕಳೆದುಕೊಂಡರೆ ಆ ರಾತ್ರಿಯೇ ಬೀದಿ. ಊರಿಗೆ ಹೋದರೆ ತಂಗಿಯ ಮದುವೆ ನಿಂತೀತೆಂಬ ಭಯ. ಆದುದರಿಂದ ಅವನು ತೋಳಿನ ಮಚ್ಚೆಯ ಮೇಲೆ ಅಂಗಿಯ ತೋಳನ್ನು ಎಳೆದುಕೊಳ್ಳುತ್ತಾನೆ. ಕೆಲಸ ಹೋಗುವ ಭಯದಿಂದ ರೋಗವನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟುದರಿಂದ ಬೆರಳು ಮಡಚುತ್ತದೆ. ಮಡಚಿದ ಬೆರಳನ್ನು ಕಂಡವರು ಈ ರೋಗ ಎಷ್ಟು ಘೋರವೆಂದು ಇನ್ನಷ್ಟು ಹೆದರುತ್ತಾರೆ. ಅವರ ಹೆದರಿಕೆಯನ್ನು ಕಂಡ ಮತ್ತೊಬ್ಬ ಹುಡುಗನು ತನ್ನ ಮಚ್ಚೆಯನ್ನು ಬಚ್ಚಿಡುತ್ತಾನೆ. ಈ ಚಕ್ರವನ್ನು ಸರ್ಕಾರವೊಂದೇ ನಿಲ್ಲಿಸಲಾರದು.

ಧಣಿಗಳ ಕಷ್ಟವನ್ನೂ ಅಲ್ಲಗಳೆಯುವಂತಿಲ್ಲ. ಗಿರಾಕಿಗಳಿಗೆ ತಿಳಿದರೆ ವ್ಯಾಪಾರವೇನಾದೀತು, ಆಹಾರ ಮುಟ್ಟುವವರಿಗೆ ವೈದ್ಯ ಪರೀಕ್ಷೆಯಾಗಬೇಕೆಂಬ ನಿಯಮವಿದೆಯಲ್ಲವೇ ಎಂದು ಅವರು ಕೇಳಬಹುದು. ಕುಷ್ಠವು ಆಹಾರದಿಂದ ಹರಡುವುದಿಲ್ಲ. ಕೈಯಲ್ಲಿ ಬಾಯ್ತೆರೆದ ಹುಣ್ಣಿದ್ದರೆ, ಅದು ಯಾವ ಕಾರಣದ ಹುಣ್ಣೇ ಆಗಲಿ, ಮಾಯುವ ತನಕ ಅಡಿಗೆಯ ಕೆಲಸ ಮಾಡಿಸಬಾರದು. ಸ್ಪರ್ಶಜ್ಞಾನ ಕುಂದಿದವನನ್ನು ಒಲೆಯ ಮುಂದೆ ನಿಲ್ಲಿಸುವುದು ಅವನ ಹಿತಕ್ಕೂ ಒಳ್ಳೆಯದಲ್ಲ. ಅಂಥವನಿಗೆ ಗಲ್ಲಾದಲ್ಲಿಯೋ, ದಾಸ್ತಾನಿನ ಕೋಣೆಯಲ್ಲಿಯೋ ಕೆಲಸ ಕೊಡಬಹುದು. ಉಳಿದವರು ಮಾಡುತ್ತಿದ್ದ ಕೆಲಸವನ್ನೇ ಮಾಡಬಹುದು. ವರ್ಷಕ್ಕೊಮ್ಮೆ ನಡೆಯುವ ಆ ವೈದ್ಯ ಪರೀಕ್ಷೆಯನ್ನು ಬರಿಯ ಸಹಿಯ ಕಾಗದವಾಗಿಸದೆ, ಚರ್ಮವನ್ನೂ ಕೈಬೆರಳುಗಳನ್ನೂ ನೋಡಿಸಿದರೆ ನಿಯಮಕ್ಕೂ ಬೆಲೆ ಬಂದಂತಾಗುವುದು. ಗುಟ್ಟು ಕಾಯುವುದಂತೂ ಧಣಿಯ ಕೈಯಲ್ಲಿಯೇ ಇದೆ.

ಮಾದರಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ೧೯೩೯ರಲ್ಲಿ ಪರ್ಚುರೆ ಶಾಸ್ತ್ರಿಗಳೆಂಬ ಸಂಸ್ಕೃತ ವಿದ್ವಾಂಸರು ಕುಷ್ಠಪೀಡಿತರಾಗಿ ಸೇವಾಗ್ರಾಮಕ್ಕೆ ಬಂದಾಗ, ಗಾಂಧೀಜಿಯವರು ತಮ್ಮ ಕುಟೀರದ ಸಮೀಪದಲ್ಲಿಯೇ ಅವರಿಗೆ ವಾಸವನ್ನು ಕಲ್ಪಿಸಿ, ತಮ್ಮ ಕೈಯಿಂದಲೇ ಅವರ ಮೈ ತಿಕ್ಕಿದರು. ಆಗ ಈ ರೋಗಕ್ಕೆ ತಕ್ಕ ಮದ್ದಿರಲಿಲ್ಲವೆಂಬುದನ್ನು ಮರೆಯಬಾರದು. ೧೯೪೯ರಲ್ಲಿ ಬಾಬಾ ಆಮ್ಟೆಯವರು ವರೋರಾದ ಬಳಿಯ ಬಂಜರು ನೆಲದಲ್ಲಿ ಆನಂದವನವನ್ನು ಆರಂಭಿಸಿದಾಗ ರೋಗಿಗಳಿಗೆ ಭಿಕ್ಷೆ ನೀಡಲಿಲ್ಲ, ಕೆಲಸ ನೀಡಿದರು. ಅವರು ಬಾವಿ ತೋಡಿದರು, ಬೆಳೆ ತೆಗೆದರು, ನೇಯ್ದರು. ಮನುಷ್ಯನಿಗೆ ಅನ್ನದಷ್ಟೇ ಅವಶ್ಯವಾದುದು ದುಡಿಮೆಯ ಮಾನವೆಂಬುದನ್ನು ಆನಂದವನ ತೋರಿಸಿಕೊಟ್ಟಿತು.

ನಮ್ಮಿಂದ ಅಂಥ ಮಹಾಕಾರ್ಯಗಳನ್ನು ಯಾರೂ ಬಯಸುತ್ತಿಲ್ಲ. ಧಣಿಗಳು ತಮ್ಮ ಕೆಲಸಗಾರರನ್ನು ಒಂದು ದಿನ ಕೂಡಿಸಿ, “ಯಾರಿಗಾದರೂ ಜೋಮು ಹಿಡಿದ ಮಚ್ಚೆಯಿದ್ದರೆ ತೋರಿಸಿಕೊಂಡು ಬನ್ನಿ, ಕೆಲಸಕ್ಕೂ ಹಾಸಿಗೆಗೂ ಧಕ್ಕೆಯಿಲ್ಲ, ತಿಂಗಳಿಗೆ ಅರ್ಧ ದಿನದ ರಜೆಗೆ ಸಂಬಳ ಮುರಿಯುವುದಿಲ್ಲ” ಎಂದು ಬಾಯ್ದೆರೆದು ಹೇಳಲಿ. ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಸಂಜೆ, ನಾಟಕದ ಮುಂಚೆ ಅರ್ಧ ಗಂಟೆಯನ್ನು, ಚರ್ಮವೈದ್ಯರೊಬ್ಬರ ಮಾತಿಗೆ ಮೀಸಲಿಡಲಿ. ಊರಿಗೆ ಹೋಗುವ ರೋಗಿಯು ತನ್ನ ಚಿಕಿತ್ಸೆಯ ಚೀಟಿಯನ್ನೂ ಮಾತ್ರೆಗಳನ್ನೂ ಜೊತೆಯಲ್ಲಿ ಒಯ್ಯಲಿ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಮುಂದುವರಿಯುತ್ತದೆ. ಅಟ್ಟದಲ್ಲಿ ಪಕ್ಕದಲ್ಲಿ ಮಲಗುವ ಗೆಳೆಯನು, ಮಚ್ಚೆಯನ್ನು ಕಂಡರೆ ಚಾಪೆಯನ್ನು ದೂರ ಎಳೆಯುವುದರ ಬದಲು, “ನಾಳೆ ಬೆಳಗಿನ ಪಾಳಿ ಮುಗಿದ ಮೇಲೆ ನಾನೂ ಬರುತ್ತೇನೆ, ಆಸ್ಪತ್ರೆಗೆ ಹೋಗೋಣ” ಎಂದು ಹೇಳಲಿ. ಆ ಒಂದು ಮಾತಿನಿಂದ ಉಳಿಯುವ ಕೈಗಳು ಊರಿನಲ್ಲಿ ಒಂದು ಸಂಸಾರವನ್ನು ಸಾಕುತ್ತಿರುವ ಕೈಗಳೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.